ಕರಿದಿದ್ರ ನಮ್ಮದು, ಬೆಳ್ಳಗಿದ್ರ ನಿಮ್ಮದು

ಹೋದ ವಾರ ಒಂದು ಕಾರ್ಡು ಬಂತು. ಅದರ ಮೂಲೆ ಹರಿದಿತ್ತು. ಮೂಲೆ ಹರಿದ ಕಾರ್ಡು ಅಂದರೆ ಸಾವಿನ ಸುದ್ದಿ. ನಮ್ಮ ಮನೆಯಲ್ಲಿ ಅದನ್ನು ಹೊಸ್ತಿಲೊಳಗೆ ತರುವುದಿಲ್ಲ. ಅಂಗಳದಲ್ಲೇ ಓದಿ, ಹರಿದು ಹಾಕಿ, ಕಾಲು ತೊಳೆದು ಒಳಗೆ ಬರಬೇಕು. ನಾನು ಇಂಥದ್ದನ್ನು ನಂಬುವವನಲ್ಲ. ಆದರೂ ಅಂಗಳದಲ್ಲೇ ನಿಂತು ಓದಿದೆ. ಬರೆದವನು ಸಿಕಂದರಾಬಾದಿನ ಒಬ್ಬ ಅಳಿಯ. "ನಮ್ಮ ಮಾವನವರು ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು. ತಾವು ಅವರಿಗೆ ಏನಾಗಬೇಕೆಂದು ನಮಗೆ ತಿಳಿಯದು."

ಏನೂ ಆಗಬೇಕಾಗಿಲ್ಲ. ನಾನು ಅವರ ಗಿರಾಕಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವರ ಗಿರಾಕಿಯ ಕಾರಕೂನ.

ಅವರ ಹೆಸರನ್ನು ಬರೆಯುವುದಿಲ್ಲ. ಅವರು ಮಾಡಿದ ಒಂದು ಕೆಲಸ ಅವರ ಕಂಪನಿಯ ನಿಯಮಕ್ಕೆ ಒಪ್ಪುವಂಥದ್ದಲ್ಲ, ಮತ್ತು ಕಾರ್ಡಿನ ಮೇಲಿನ ಮುದ್ರೆ ನೋಡಿದರೆ ಅಳಿಯ ಅದೇ ಕಂಪನಿಯ ಅನ್ನ ತಿನ್ನುತ್ತಿರುವಂತಿದೆ. ಹೆಸರು ಬಿಟ್ಟರೆ ನಷ್ಟವೂ ಇಲ್ಲ. ಸೇಡಂನಿಂದ ಶಹಾಬಾದದ ತನಕ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎದುರಿಗೆ ‘ಕಂಪನಿ ಸಾಹೇಬ್ರು’, ಬೆನ್ನ ಹಿಂದೆ ಬರೀ ‘ಕಂಪನಿ’. "ಕಂಪನಿ ಚಿತ್ತಾಪುರಕ್ಕ ಬಂದದಂತ." "ಕಂಪನಿಗೆ ನೆಗಡಿ ಆಗ್ಯಾದ, ಒಂದೀಟು ಶುಂಠಿ ಕುದಿಸಿ ಕೊಡ್ರಿ." ಟ್ರೇಲರು ತಯಾರಿಸುವ ಕಾರ್ಖಾನೆ ಮುಂಬೈ ಕಡೆ ಎಲ್ಲೋ ಇತ್ತು. ಅಲ್ಲಿ ನೂರಾರು ಜನ ಕೆಲಸ ಮಾಡುತ್ತಿದ್ದರಂತೆ, ಮುಗಿಲಿಗೆ ಮುಟ್ಟುವ ಹೊಗೆಕೊಳವೆ ಇತ್ತಂತೆ. ನಮ್ಮ ಪಾಲಿಗೆ ಆ ಕಾರ್ಖಾನೆಯೆಲ್ಲ ಸೇರಿ ಒಬ್ಬ ಕುಳ್ಳ ಮನುಷ್ಯನಾಗಿತ್ತು, ಮತ್ತು ಅದಕ್ಕೆ ಬದನೆಕಾಯಿ ಎಣ್ಣೆಗಾಯಿ ಬಹಳ ಇಷ್ಟವಾಗಿತ್ತು.

ಆಗ ನಮ್ಮದು ಇನ್ನೂ ಹೈದರಾಬಾದ್ ರಾಜ್ಯ. ಭಾರತದ ಫೌಜು ಬಂದು ನಿಜಾಮರ ಆಳ್ವಿಕೆ ಮುಗಿದು ಮೂರು ವರ್ಷವೋ ನಾಲ್ಕು ವರ್ಷವೋ ಆಗಿತ್ತು. ನಾನು ಹೈದರಾಬಾದಿನಲ್ಲಿ ಉರ್ದುವಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮುಗಿಸಿಕೊಂಡು ಬರುವಷ್ಟರಲ್ಲಿ ಉರ್ದುವಿಗೂ ಕೆಲಸವಿಲ್ಲ, ತರ್ಕಕ್ಕೂ ಕೆಲಸವಿಲ್ಲ ಎನ್ನುವ ಕಾಲ ಬಂದಿತ್ತು. ಹೀಗಾಗಿ ಶಹಾಬಾದದಲ್ಲಿ ಒಬ್ಬ ಸಾವಕಾರರ, ನೆಲಕ್ಕೆ ಹಾಸುವ ಫರಸಿಕಲ್ಲಿನ ವಖಾರಿಯಲ್ಲಿ ಕಾರಕೂನನಾದೆ. ಖಣಿಯಿಂದ ಎಷ್ಟು ಫರಸಿ ಹೇರಬೇಕು ಎಂದು ಚೀಟಿ ಬರೆಯುವುದು ನನ್ನ ಕೆಲಸ. ಮೊದಲು ಕಲ್ಲು ಎತ್ತಿನ ಬಂಡಿಯಲ್ಲಿ ರೈಲ್ವೆ ಸೈಡಿಂಗಿಗೆ ಹೋಗುತ್ತಿತ್ತು. ಆಮೇಲೆ ಸಾವಕಾರರು ಒಂದು ಟ್ರ್ಯಾಕ್ಟರು, ಎರಡು ಟನ್ನು ಹೊರುವ ಒಂದು ಟ್ರೇಲರು ತರಿಸಿದರು.

ಆ ಟ್ರೇಲರಿನ ಅಚ್ಚಿನ ಮೇಲೆ, ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದಿದ್ದರು. ಭಾರವನ್ನೂ ಕುಲುಕಾಟವನ್ನೂ ಅವೇ ತಾಳಿಕೊಳ್ಳಬೇಕು. ನಮ್ಮ ಕಡೆ ಅದಕ್ಕೆ ಪಾಟಾ ಎನ್ನುತ್ತಾರೆ. ಯಾವ ಪಾಟಾ ಆಗಲಿ, ಹಾಕಿದ ಒಂದು ವರ್ಷದೊಳಗೆ ಮುರಿದರೆ, ತಪ್ಪು ಉಕ್ಕಿನದೇ ಆಗಿದ್ದರೆ, ಪುಕ್ಕಟೆ ಬದಲಿ ಕೊಡುವುದಾಗಿ ಕಂಪನಿ ಕಾಗದದಲ್ಲಿ ಬರೆದುಕೊಟ್ಟಿತ್ತು. ತಪ್ಪು ಉಕ್ಕಿನದೋ ನಮ್ಮದೋ ಎಂದು ತೀರ್ಪು ಹೇಳಲು ತಿಂಗಳಿಗೊಮ್ಮೆ ಇವರು ಬರುತ್ತಿದ್ದರು. ಸಿಕಂದರಾಬಾದಿನಿಂದ ಪ್ಯಾಸೆಂಜರ್ ಗಾಡಿ ಹಿಡಿದು ಸೇಡಂನಲ್ಲಿ ಇಳಿದು, ಚಿತ್ತಾಪುರದಲ್ಲಿ ಇಳಿದು, ವಾಡಿಯಲ್ಲಿ ಗಾಡಿ ಬದಲಿಸಿ ನಮ್ಮಲ್ಲಿಗೆ ಬರುವಷ್ಟರಲ್ಲಿ ವಾರವಾಗುತ್ತಿತ್ತು. ಚಿಂಚೋಳಿಗೆ ರೈಲಿಲ್ಲ, ಅಲ್ಲಿಗೆ ಬಸ್ಸಿನಲ್ಲಿ ಡ್ರೈವರನ ಪಕ್ಕ ಕೂತು, ದಾರಿಯುದ್ದಕ್ಕೂ ಬಸ್ಸಿನ ಪಾಟಾದ ಸದ್ದು ಕೇಳುತ್ತ, ಅವನನ್ನು ಹೆದರಿಸುತ್ತ ಹೋಗುತ್ತಿದ್ದರಂತೆ.

ಕರಿ ಕೋಟು, ಬಿಳಿ ಧೋತರ, ತಲೆಗೆ ತುಪ್ಪಳದ ಟೊಪ್ಪಿಗೆ. ಟೊಪ್ಪಿಗೆಯನ್ನು ನಾನೇ ಆಮೇಲೆ ತೊಡಿಸಿರಲೂ ಸಾಕು. ಆ ಕಾಲದ ಯಾರನ್ನು ನೆನೆದರೂ ನನಗೆ ಟೊಪ್ಪಿಗೆ ಕಾಣುತ್ತದೆ. ಆದರೆ ಸುತ್ತಿಗೆಯ ಬಗ್ಗೆ ಅನುಮಾನವಿಲ್ಲ. ಗೇಣುದ್ದದ ಹಿಡಿಕೆ, ಹಿತ್ತಾಳೆಯ ತಲೆ. ಅದರಿಂದ ಪಾಟಾದ ಮೇಲೆ ಒಮ್ಮೆ ತಟ್ಟಿ, ಕಣ್ಣು ಮುಚ್ಚಿ, ಕಿವಿ ತಾಗಿಸಿ ಕೇಳುತ್ತಿದ್ದರು. ಹೆಂಗಸರು ಸಂತೆಯಲ್ಲಿ ಗಡಿಗೆ ಬಾರಿಸಿ ನೋಡುವುದಿಲ್ಲವೇ, ಹಾಗೆ. ಆಮೇಲೆ ಕಣ್ಣು ತೆರೆದು, ಎದುರಿಗಿದ್ದವನನ್ನು ಬಹಳ ಕನಿಕರದಿಂದ ನೋಡಿ ಹೇಳುತ್ತಿದ್ದರು: "ಪಾಟಾ ನಿಮ್ಮ ಹೆಸರು ತಗೊಂಡು ಅಳಾಕತ್ತದರಿ."

ಬದಲಿ ಪಾಟಾ ಕೊಡುವುದರಲ್ಲಿ ಅವರಷ್ಟು ಜಿಪುಣ ಇನ್ನೊಬ್ಬನಿರಲಿಲ್ಲ. ದೂರು ಕೇಳುವುದರಲ್ಲಿ ಅವರಷ್ಟು ಧಾರಾಳಿಯೂ ಇರಲಿಲ್ಲ. ಬಂದವರೇ ಕೂತು, ರಟ್ಟಿನ ಪುಸ್ತಕ ತೆರೆದು, ಪೆನ್ಸಿಲು ನಾಲಿಗೆಗೆ ತಾಗಿಸಿ "ಹೇಳ್ರಿ" ಎನ್ನುವರು. ಹೇಳಿದ್ದನ್ನೆಲ್ಲ ಬರೆದುಕೊಳ್ಳುವರು. ಟ್ರೇಲರಿನ ಬಣ್ಣ ಕಂಡು ಎಮ್ಮೆ ಹಾಲು ಕೊಡುವುದನ್ನು ಬಿಟ್ಟಿದೆ ಎಂದು ಚಿತ್ತಾಪುರದಲ್ಲಿ ಒಬ್ಬರು ದೂರಿದರೆ, ಎಮ್ಮೆಯ ವಯಸ್ಸನ್ನೂ ಕೇಳಿ ಬರೆದುಕೊಂಡಿದ್ದರು. ಕೊನೆಗೆ ಎಲ್ಲವನ್ನೂ ಗಟ್ಟಿಯಾಗಿ ಓದಿ ತೋರಿಸುವರು. ನಮ್ಮ ಬೈಗುಳಗಳೆಲ್ಲ ಅವರ ಬಾಯಲ್ಲಿ ದರ್ಬಾರಿನ ಅರ್ಜಿಯಂತೆ ಕೇಳುತ್ತಿದ್ದವು.

"ಭಾಳ ಛಂದ ದೂರು ಅದರಿ ಸಾವಕಾರ್ರ. ಇಷ್ಟು ಛಂದ ದೂರು ವಾಡಿಯೊಳಗ ಒಬ್ಬರೂ ಮಾಡಿಲ್ಲ."

"ಹೌದಲ್ರಿ?" ಎಂದು ನಮ್ಮ ಸಾವಕಾರರು ಮೀಸೆ ತಿರುವುತ್ತಿದ್ದರು. ಕಂಪನಿ ಏನೂ ಕೊಡದೆ ಹೋಗಿದೆ ಎಂಬುದು ಅವರಿಗೆ ಹೊಳೆಯುವುದು ಗಾಡಿ ಬಿಟ್ಟ ಮೇಲೆ.

ಏನೂ ಕೊಡುತ್ತಿರಲಿಲ್ಲ ಎಂದರೂ ತಪ್ಪು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಧೋತರ ಎತ್ತಿ ಕಟ್ಟಿ, ಟ್ರೇಲರಿನ ಕೆಳಗೆ ತೂರಿ ಸಡಿಲಾದ ಬೋಲ್ಟುಗಳನ್ನೆಲ್ಲ ತಾವೇ ಬಿಗಿಯುವರು. ಹೀಗೆ ಒಮ್ಮೆ ಕೆಳಗೆ ಹೋದವರು ಬೆರಳಿನಿಂದ ಪಾಟಾಗಳ ಸಂದಿಯ ಜಿಡ್ಡು ತೆಗೆದು ಮೂಸಿ, ಮಲಗಿದಲ್ಲಿಂದಲೇ ಕೂಗಿದರು: "ಯಾರ್ರಿ ಇದಕ್ಕ ಕುಸುಬಿ ಎಣ್ಣಿ ಹಾಕ್ದವರು?"

ಎಲ್ಲರೂ ಸಾವಕಾರರ ಕಡೆ ನೋಡಿದರು.

"ಕುಸುಬಿ ಎಣ್ಣಿ ಬದನಿಕಾಯಿಗೆ ಹಾಕ್ರಿ, ಪಾಟಾಕ್ಕ ಗ್ರೀಸ್ ಹಾಕ್ರಿ. ನೀವು ಉಲ್ಟಾ ಮಾಡಾಕತ್ತೀರಿ. ನಿನ್ನಿ ಊಟದಾಗ ನನಗ ಸಂಶಯ ಬಂದಿತ್ತು."

ಅವರ ನ್ಯಾಯಶಾಸ್ತ್ರ ಒಂದೇ ಸಾಲಿನದು. ಮುರಿದ ಪಾಟಾದ ಮುರಿದ ಮುಖ ನೋಡಬೇಕು. ಉಕ್ಕಿನಲ್ಲಿ ಮೊದಲಿನಿಂದಲೇ ಕಣ್ಣಿಗೆ ಕಾಣದ ಬಿರುಕಿದ್ದರೆ, ಅದರೊಳಗೆ ತೇವ, ಜಿಡ್ಡು ಇಳಿದು ಆ ಭಾಗ ಕಪ್ಪಾಗಿರುತ್ತದೆ. ಒಳ್ಳೆಯ ಉಕ್ಕು ಅತಿಯಾದ ಭಾರಕ್ಕೆ ಒಮ್ಮೆಲೇ ಮುರಿದರೆ ಆ ಮುಖ ಕಲ್ಲುಸಕ್ಕರೆ ಒಡೆದಂತೆ ಬೆಳ್ಳಗೆ ಮಿಂಚುತ್ತದೆ. "ಕರಿದಿದ್ರ ನಮ್ಮದು, ಬೆಳ್ಳಗಿದ್ರ ನಿಮ್ಮದು," ಎನ್ನುವರು. ನಾನು ಕಂಡಷ್ಟು ಕಾಲ ಎಲ್ಲವೂ ಬೆಳ್ಳಗೇ ಇದ್ದವು.

ಈ ನಿಯಮ ಗೊತ್ತಾದ ಮೇಲೆ ಐದೂ ಊರುಗಳ ಬುದ್ಧಿವಂತರು ಸುಮ್ಮನಿರಲಿಲ್ಲ. ವಾಡಿಯಲ್ಲಿ ಕಾಡಿಗೆ ಬಳಿದರು. ಅವರು ಕರವಸ್ತ್ರದಿಂದ ಒರೆಸಿ, "ಪಾಟಾಕ್ಕ ದೃಷ್ಟಿ ಆಗಿತ್ತೇನ್ರಿ?" ಎಂದರು. ಚಿತ್ತಾಪುರದವರು ಇನ್ನೂ ಜಾಣರು. ಹುಣಸೆಹಣ್ಣು, ಉಪ್ಪು ಕಿವುಚಿ ಹಚ್ಚಿ ರಾತ್ರಿಯಿಡೀ ಬಿಟ್ಟರು. ಉಕ್ಕು ತುಕ್ಕು ಹಿಡಿದು ಚೆನ್ನಾಗಿ ಕಪ್ಪಾಯಿತು. ಇವರು ಆ ಮುಖವನ್ನು ಬಹಳ ಹೊತ್ತು ನೋಡಿದರು. ಬೆರಳು ತಾಗಿಸಿ ಅದನ್ನು ನಾಲಿಗೆಯ ಮೇಲಿಟ್ಟರು. ಚಪ್ಪರಿಸಿದರು.

"ಹುಣಸಿ ಚಿಂಚೋಳಿದು. ಅಡವಿ ಗಿಡದ್ದು, ಸ್ವಲ್ಪ ಒಗರು. ಹೌದಿಲ್ಲೋ?"

ಹೌದು ಎಂದು ಆ ವಖಾರಿಯವರು ಕಾಲು ಹಿಡಿಯುವುದೊಂದು ಬಾಕಿ. ಅಂದಿನಿಂದ, ಹುಣಸೆಯ ಊರು ಹೇಳುವ ನಾಲಿಗೆ ಎಂದು ಅವರು ಉಕ್ಕಿಗಿಂತ ಹೆಚ್ಚು ಇದರಿಂದಲೇ ಹೆಸರಾದರು. ಜನ ಬೇಕೆಂದೇ ಹುಣಸೆ ತಂದು ಪರೀಕ್ಷೆ ಮಾಡುತ್ತಿದ್ದರು. ಹತ್ತಕ್ಕೆ ಹತ್ತೂ ಸರಿ ಹೇಳುತ್ತಿದ್ದರು ಎನ್ನುತ್ತಾರೆ. ನಾನೇ ನೋಡಿದ್ದು ಎರಡು ಸಲ, ಅದರಲ್ಲಿ ಒಂದು ಸಲ ತಪ್ಪು ಹೇಳಿದ್ದರು. ಆದರೆ ಇದನ್ನು ಹೇಳಿದಾಗಲೆಲ್ಲ ಜನ ನನ್ನನ್ನೇ ಸುಳ್ಳುಗಾರನೆಂಬಂತೆ ನೋಡುತ್ತಾರೆ.

ತರ್ಕದಿಂದ ಅವರನ್ನು ಸೋಲಿಸಬೇಕೆಂದು ನಾನು ಒಮ್ಮೆ ಹೊರಟೆ. "ಗಟ್ಟಿಯಾದದ್ದು ಮುರಿಯುವುದಿಲ್ರಿ. ನಿಮ್ಮ ಪಾಟಾ ಮುರಿದದ. ಆದ್ದರಿಂದ ನಿಮ್ಮ ಪಾಟಾ ಗಟ್ಟಿ ಇರಲಿಲ್ಲ."

ಅವರು ಪೆನ್ಸಿಲು ಕೆಳಗಿಟ್ಟರು. "ಬಿ.ಎ. ಸಾಹೇಬ್ರ, ನಿಮ್ಮ ಮುತ್ಯಾ ಗಟ್ಟಿ ಇದ್ರೇನ್ರಿ?"

"ಭಾಳ ಗಟ್ಟಿ ಇದ್ರು. ಒಂದು ಚೀಲ ಜ್ವಾಳ ಒಬ್ಬರೇ ಎತ್ತತಿದ್ರು."

"ಈಗೆಲ್ಲದಾರ?"

ನಮ್ಮ ಅಜ್ಜ ತೀರಿಹೋಗಿ ಬಹಳ ಕಾಲವಾಗಿತ್ತು. ಅವರು ಪೆನ್ಸಿಲು ಎತ್ತಿಕೊಂಡು, "ಮುತ್ಯಾನ ವಿಷಯ ದೂರಿನೊಳಗ ಬರಕೊಳ್ಳಲೇನು?" ಎಂದು ಕೇಳಿದರು.

ಇನ್ನು ಆ ಕೆಲಸದ ವಿಷಯಕ್ಕೆ ಬರಬೇಕು. ಅದಕ್ಕೆ ಮೊದಲು ನಮ್ಮ ಡ್ರೈವರು ದಸ್ತಗೀರನನ್ನು ಹೇಳಬೇಕು. ಅವನು ನಿಜಾಮರ ಫೌಜಿನಲ್ಲಿ ಲಾರಿ ಓಡಿಸುತ್ತಿದ್ದವನು. ಫೌಜು ಮುಗಿದಿತ್ತು. ಆ ವರ್ಷಗಳಲ್ಲಿ ಅಂಥವನಿಗೆ ಒಂದು ಕೆಲಸ ಹೋದರೆ ಇನ್ನೊಂದು ಸಿಗುವ ಹಾಗಿರಲಿಲ್ಲ. ಯಾಕೆಂದು ಆಗ ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಏಳು ಬಾಯಿ. ಟ್ರ್ಯಾಕ್ಟರನ್ನು ಅವನು ನವಾಬರ ಮನೆಯ ಅತಿಥಿಯಂತೆ ಮಾತಾಡಿಸುತ್ತಿದ್ದ. ಏರು ಬಂದರೆ "ತಶರೀಫ್ ತರ್ರಿ ಹುಜೂರ್" ಎನ್ನುತ್ತಿದ್ದ. ಅಷ್ಟು ಮೆಲ್ಲಗೆ ಓಡಿಸುವವನನ್ನು ನಾನು ಮತ್ತೆ ಕಂಡಿಲ್ಲ. ಎತ್ತಿನ ಬಂಡಿಗಳು ಅವನನ್ನು ದಾಟಿ ಹೋಗುತ್ತಿದ್ದವು.

ಅಂಥವನ ಕೈಯಲ್ಲಿ ಎರಡು ತಿಂಗಳಲ್ಲಿ ಮೂರು ಪಾಟಾ ಮುರಿದವು. ಮೊದಲ ಎರಡಕ್ಕೆ ಸಾವಕಾರರು ಬೈದು, ಹೊಸದು ಹಾಕಿಸಿ ಬಿಟ್ಟರು. ಮೂರನೆಯದು ಮುರಿದ ದಿನ ಅವರು ಬೈಯಲಿಲ್ಲ, ಅದೇ ಹೆದರಿಕೆಯ ವಿಷಯ.

"ದಸ್ತಗೀರ, ಕಂಪನಿ ಬರ್ಲಿ. ಉಕ್ಕಿನ ತಪ್ಪು ಅಂದ್ರ ನೀ ಉಳದಿ. ನಮ್ಮ ತಪ್ಪು ಅಂದ್ರ, ಅದು ನಿನ್ನ ತಪ್ಪು. ಆವತ್ತೇ ನೀ ಮನಿಗೆ ನಡಿ."

"ಸಾವಕಾರ್ರ, ಅಲ್ಲಾನ ಆಣಿ, ನಾ ದೌಡ ಓಡಿಸಿಲ್ರಿ."

"ಆ ಆಣಿ ಪಾಟಾದ ಕಡಿಂದ ಮಾಡಿಸು."

ಕಂಪನಿ ಬಂದದ್ದು ನಾಲ್ಕು ದಿನದ ಮೇಲೆ. ಆ ನಾಲ್ಕು ದಿನ ದಸ್ತಗೀರ ಮುರಿದ ಪಾಟಾವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಕಲ್ಲು ಹೇರುವ ಹಮಾಲರು ಹುಣಸೆಹಣ್ಣಿನ ಉಪಾಯ ಹೇಳಿದರು. ಅವನು, "ಝೂಟ ಕೆಲಸ ನನ್ನ ಕೈಲೆ ಆಗಲ್ಲ, ಮಾಡಿದ್ರೂ ಅವ್ರ ನಾಲಿಗಿ ಬಿಡಲ್ಲ," ಎಂದ. ಎರಡರಲ್ಲಿ ಯಾವುದು ನಿಜವಾದ ಕಾರಣವೋ ನಾನು ಕೇಳಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ವಖಾರಿಯ ಅಂಗಳದಲ್ಲಿ ಎಲ್ಲರೂ ಸೇರಿದರು. ದಸ್ತಗೀರ ಬಟ್ಟೆ ಬಿಚ್ಚಿದ. ಮುರಿದ ಮುಖ ಬೆಳ್ಳಗೆ ಮಿಂಚುತ್ತಿತ್ತು. ಯಾವ ನಾಲಿಗೆಯೂ ಬೇಕಾಗಿರಲಿಲ್ಲ. ಹತ್ತು ಮಾರು ದೂರದಿಂದ ಹೇಳಬಹುದಿತ್ತು. ದಸ್ತಗೀರ ತಲೆ ತಗ್ಗಿಸಿ ನಿಂತ. ಸಾವಕಾರರು ಕೆಮ್ಮಿದರು.

ಕಂಪನಿ ತೀರ್ಪು ಹೇಳಲಿಲ್ಲ. "ಭಾರ ಎಷ್ಟು ಹೇರ್ತೀರಿ?" ಎಂದು ಕೇಳಿದರು.

ಇದು ನನ್ನ ಖಾತೆಯ ಪ್ರಶ್ನೆ. ನಾನು ಚೀಟಿಗಳ ಕಟ್ಟು ಹಿಡಿದು ಮುಂದೆ ಬಂದೆ. "ಮುನ್ನೂರು ಚದರಡಿರಿ. ಎರಡು ವರ್ಷದಿಂದ ಮುನ್ನೂರೇ. ಒಂದಡಿ ಹೆಚ್ಚಿಗಿಲ್ಲ, ನೋಡ್ರಿ."

"ಭಾರ ಕೇಳಿದ್ನಿ."

"ಅದೇರಿ. ಮುನ್ನೂರು."

ಇಲ್ಲಿ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕಲ್ಲನ್ನು ಯಾರೂ ತೂಗುವುದಿಲ್ಲ. ಫರಸಿ ಮಾರುವುದು, ಕೊಳ್ಳುವುದು, ಹೇರುವುದು, ಜಗಳಾಡುವುದು ಎಲ್ಲವೂ ಚದರಡಿಯಲ್ಲಿ. ಬಟ್ಟೆಯವನು ಧೋತರ ತೂಗುತ್ತಾನೆಯೇ? ಕಲ್ಲಿಗೆ ತೂಕವಿದೆ ಎಂಬುದು ಹಮಾಲರಿಗೆ ಮಾತ್ರ ಗೊತ್ತಿದ್ದ ಸಂಗತಿ, ಮತ್ತು ಹಮಾಲರನ್ನು ಯಾರೂ ಕೇಳುವುದಿಲ್ಲ.

ಕಂಪನಿ ಎದ್ದು ಫರಸಿ ಒಟ್ಟಿದ್ದ ಕಡೆ ನಡೆದರು. ಒಂದು ಕಡೆ ನಮ್ಮ ಹಳೆಯ ಖಣಿಯ ಕಲ್ಲು, ಇನ್ನೊಂದು ಕಡೆ ಎರಡು ತಿಂಗಳಿಂದ ರಾವೂರಿನ ಹೊಸ ಖಣಿಯಿಂದ ಬರುತ್ತಿದ್ದ ಕಲ್ಲು. ಹಳೆಯ ಕಲ್ಲಿನ ಅಂಚಿಗೆ ಒಂದು ಬೆರಳು ಅಡ್ಡ ಇಟ್ಟರು. ಸರಿಹೋಯಿತು. ರಾವೂರಿನ ಕಲ್ಲಿನ ಅಂಚಿಗೆ ಒಂದು ಬೆರಳು ಸಾಲಲಿಲ್ಲ. ಎರಡು ಇಟ್ಟರು. ಸರಿಹೋಯಿತು. ಆ ಎರಡು ಬೆರಳನ್ನು ಹಾಗೆಯೇ ಎತ್ತಿ ಹಿಡಿದು ನನ್ನನ್ನು ನೋಡಿದರು. ಬೇರೆ ಯಾರಿಗೂ ಕಾಣದ ಹಾಗೆ ಕೋಟಿನ ಕಿಸೆಗೆ ಹಾಕಿಕೊಂಡರು.

ಅದೇ ಮುನ್ನೂರು ಚದರಡಿ, ಎರಡು ಪಟ್ಟು ದಪ್ಪ. ಎರಡು ತಿಂಗಳಿಂದ ನಾನು ಆ ಟ್ರೇಲರಿನ ಮೇಲೆ ಇಮ್ಮಡಿ ಭಾರ ಹೇರಿಸುತ್ತಿದ್ದೆ. ಒಮ್ಮೆ ಹಮಾಲರ ಹಿರಿಯ, "ಇವು ಭಾಳ ವಜ್ಜ ಅವರಿ," ಎಂದು ಗೊಣಗಿದ್ದ. "ಚೀಟಿಯೊಳಗ ಮುನ್ನೂರಂತ ಅದ, ಮುನ್ನೂರು ಹೇರು," ಎಂದು ಅವನ ಬಾಯಿ ಮುಚ್ಚಿಸಿದವನೂ ನಾನೇ. ತರ್ಕಶಾಸ್ತ್ರದ ಬಿ.ಎ.

ಆ ಕ್ಷಣ ನಾನು ಮಾತಾಡಬೇಕಿತ್ತು. ಕೆಲವು ಸಲ ನೆನೆದಾಗ ನಾನು ಬಾಯಿ ತೆರೆದೆನೆಂದೂ, ಅಷ್ಟರಲ್ಲಿ ಕಂಪನಿಯೇ ಮಾತಾಡಿಬಿಟ್ಟರೆಂದೂ ನೆನಪಾಗುತ್ತದೆ. ಈ ನೆನಪು ನನಗೆ ಎಷ್ಟು ಅನುಕೂಲವಾಗಿದೆಯೆಂದರೆ, ಅದನ್ನು ನಂಬಲು ಧೈರ್ಯವಾಗುವುದಿಲ್ಲ. ನಾನು ಬಾಯಿ ತೆರೆಯಲಿಲ್ಲವೆಂದೇ ಇಟ್ಟುಕೊಳ್ಳೋಣ. ತೆರೆದಿದ್ದರೆ ಮನೆಗೆ ನಡೆಯಬೇಕಾದವನು ನಾನು.

ಕಂಪನಿ ಹೇಳಿದ್ದು ಇಷ್ಟೆ: "ಬೆಳಕು ಸಾಲವೊಲ್ದು ಸಾವಕಾರ್ರ. ನಾಳಿ ಮುಂಜಾನಿ ನೋಡೋಣ."

ಶಹಾಬಾದದ ಬೇಸಿಗೆ, ಮೂರರ ಬಿಸಿಲು, ಸುತ್ತಲೂ ಬಿಳಿಯ ಕಲ್ಲು. ಕಣ್ಣು ಬಿಡಲು ಆಗದಷ್ಟು ಬೆಳಕು. ಆದರೆ ಕಂಪನಿಯ ಮಾತಿಗೆ ಎದುರಾಡುವುದು ಹೇಗೆ? ಪಾಟಾ ಕಳುವಾಗಬಾರದೆಂದು ಅದನ್ನು ತಾವು ಇಳಿದುಕೊಂಡಿದ್ದ ಕೋಣೆಗೆ ತರಿಸಿಕೊಂಡರು.

ಸಂಜೆ ಖಾನಾವಳಿಯಲ್ಲಿ ನಾನೂ ಅವರೂ ಎದುರುಬದುರು ಕೂತು ಉಂಡೆವು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಅಂದು ಬದನೆಕಾಯಿಯ ಬಗ್ಗೆ ಮಾತ್ರ ಮಾತಾಡಿದರು. ಎದ್ದು ಕೈ ತೊಳೆದು, ಖಾನಾವಳಿಯ ಅವ್ವನ ಹತ್ತಿರ ಹೋದರು.

"ಅವ್ವಾ, ಒಂದು ಹಿಡಿ ಹುಣಸಿಹಣ್ಣು, ಒಂದೀಟು ಉಪ್ಪು ಕೊಡ್ರಿ. ಗಂಟಲ ಹಿಡದದ."

"ಬಿಸಿನೀರಾಗ ಕಿವುಚಿ ಕೊಡ್ತೀನಿ ಕುಂದ್ರಿ ಸಾಹೇಬ್ರ."

"ಬ್ಯಾಡ, ಹಂಗೇ ಕೊಡ್ರಿ. ಎಲ್ಲಿದು?"

"ನೀವೇ ಹೇಳ್ರಿ ನೋಡೋಣ. ನಿಮ್ಮ ನಾಲಿಗಿ ಭಾಳ ಶಾಣ್ಯಾ ಅಂತಾರ."

ಅವರು ಒಂದು ಚೂರು ಬಾಯಿಗಿಟ್ಟರು. "ಸೇಡಂದು."

"ಖರೇ ನೋಡ್ರಿ! ನನ್ನ ತವರಿಂದು."

ಇದು ಅದೇ ಸಂಜೆ ನಡೆದದ್ದೋ, ಬೇರೆ ಯಾವಾಗಲೋ ನಡೆದದ್ದನ್ನು ನಾನು ತಂದು ಇಲ್ಲಿ ಕೂಡಿಸಿದ್ದೇನೋ ಎಂದು ಬಹಳ ವರ್ಷ ಅನುಮಾನಪಟ್ಟಿದ್ದೇನೆ. ನನ್ನ ಹೆಂಡತಿಗೆ ಈ ಕತೆ ಹೇಳಿದಾಗ ಅವಳು, "ಗಂಟಲು ಹಿಡಿದವರು ಯಾರು ಹುಣಸೆಹಣ್ಣು ತಿನ್ನುತ್ತಾರೆ?" ಎಂದು ಒಂದೇ ಪ್ರಶ್ನೆ ಕೇಳಿದಳು. ಅವಳು ಬಿ.ಎ. ಓದಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಎಲ್ಲರೂ ಸೇರಿದೆವು. ಕಂಪನಿ ಪಾಟಾ ಎತ್ತಿ ತೋರಿಸಿದರು. ಮುರಿದ ಮುಖದ ಒಂದು ಮೂಲೆಯಲ್ಲಿ, ಹೆಬ್ಬೆರಳ ಉಗುರಿನಷ್ಟು ಅಗಲ, ಕಪ್ಪಗಿತ್ತು. ಎಂಥ ಅಚ್ಚುಕಟ್ಟಾದ ಕಪ್ಪು! ಚಿತ್ತಾಪುರದವರಂತೆ ಪೂರ್ತಿ ಬಳಿದಿರಲಿಲ್ಲ. ಬಿರುಕು ಎಲ್ಲಿ ಹುಟ್ಟಿ ಎಷ್ಟು ದೂರ ಹರಿಯಬೇಕೋ ಅಲ್ಲಿಂದ ಅಲ್ಲಿಗೆ. ಬಲ್ಲವರ ಕೆಲಸ.

"ನಮ್ಮದು," ಎಂದರು.

ಕಂಪನಿ ಈ ಮಾತು ಆಡಿದ್ದನ್ನು ಐದು ಊರುಗಳಲ್ಲಿ ಯಾರೂ ಕೇಳಿರಲಿಲ್ಲ. ಸಾವಕಾರರಿಗೇ ಗಾಬರಿಯಾಯಿತು. "ಬರೋಬ್ಬರಿ ನೋಡ್ರಿ ಸಾಹೇಬ್ರ. ನಿನ್ನಿ ಬೆಳ್ಳಗಿತ್ತಲ್ರಿ?"

"ನಿನ್ನಿ ಬಿಸಲಾಗ ಎಲ್ಲಾ ಬೆಳ್ಳಗ ಕಾಣ್ತದರಿ."

"ಬೆಳಕು ಸಾಲವೊಲ್ದು ಅಂದಿದ್ರಿ?"

"ಅದಕ್ಕೇರಿ," ಎಂದು ಪುಸ್ತಕ ಮುಚ್ಚಿದರು. ಕೊಡುವುದಿಲ್ಲ ಎನ್ನುವವರ ಹತ್ತಿರ ಹಟ ಮಾಡಬಹುದು. ಕೊಡುತ್ತೇನೆ ಎನ್ನುವವರ ಹತ್ತಿರ ಎಷ್ಟು ಹೊತ್ತು ಹಟ ಮಾಡುತ್ತೀರಿ? ದಸ್ತಗೀರ ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತಿದ್ದ. ಅವನು ಅಳುತ್ತಿದ್ದನೆಂದು ಹಮಾಲರು ಹೇಳಿದರು. ಅವನು, "ಧೂಳು ಹೊಡೀತು," ಎಂದ.

ಸ್ಟೇಷನ್ನಿಗೆ ಅವರ ಚೀಲ ಹೊತ್ತು ನಾನು ಹೋದೆ. ಅದೇನೂ ನನ್ನ ಕೆಲಸವಲ್ಲ. ಗಾಡಿ ಬಂದು ನಿಂತಾಗ ಅವರು ಹೇಳಿದರು: "ಬಿ.ಎ. ಸಾಹೇಬ್ರ, ನಿಮ್ಮ ಚೀಟಿಯೊಳಗ ಇನ್ನೊಂದು ಖಾನೆ ಹಾಕ್ರಿ. ಫರಸಿ ಎಷ್ಟು ಬೆರಳು ದಪ್ಪ ಅಂತ."

"ಯಾಕ್ರಿ?" ಎಂದೆ. ನಾಚಿಕೆಯಿಲ್ಲದೆ ಕೇಳಿದೆ.

"ಸುಮ್ನ. ಚೀಟಿ ಛಂದ ಕಾಣ್ತದ."

ಖಾನೆ ಹಾಕಿದೆ. ಎರಡು ಬೆರಳಿನ ಕಲ್ಲಿಗೆ ನೂರೈವತ್ತು ಚದರಡಿ. ಮುರಿದ ಪಾಟಾ ಮುಂಬೈಗೆ ಹೋಯಿತು. ಹೊಸ ಪಾಟಾ ಬಂತು, ಮುರಿಯಲಿಲ್ಲ. ತಿಂಗಳಾಯಿತು, ಮಳೆಗಾಲವಾಯಿತು, ಮುರಿಯಲಿಲ್ಲ. ಸಾವಕಾರರು ಪಾಟಾವನ್ನು ಎಲ್ಲರಿಗೂ ಕರೆದು ತೋರಿಸತೊಡಗಿದರು. "ಇದು ಖರೇ ಉಕ್ಕು. ಮೊದಲಿಂದು ತಗಡು ಇತ್ತು, ತಗಡು." ಒಂದು ದಿನ ನನ್ನನ್ನು ಕರೆದು, ಕಂಪನಿಗೆ ಮೆಚ್ಚುಗೆಯ ಪತ್ರ ಬರೆಯಲು ಹೇಳಿದರು. ಎರಡು ವರ್ಷ ಬರೀ ದೂರು ಬರೆದು ಬೇಸತ್ತಿದ್ದ ನಾನು, ಕಲಿತ ಇಂಗ್ಲಿಷನ್ನೆಲ್ಲ ಸುರಿದು ಬರೆದೆ. ನೀವು ಬದಲಿಗೆ ಕಳಿಸಿದ ಪಾಟಾ ಹಿಂದಿನದಕ್ಕಿಂತ ಹತ್ತು ಪಾಲು ಗಟ್ಟಿಯಾಗಿದೆ, ಇದನ್ನು ಸಾಧಿಸಿದ ನಿಮ್ಮ ವಿದ್ವಾಂಸರಿಗೆ ನಮಸ್ಕಾರ.

ಆ ಪತ್ರದ ನಂತರ ಅವರು ಬರಲಿಲ್ಲ.

ಮುಂದಿನ ತಿಂಗಳು ಪ್ಯಾಂಟು ಹಾಕಿದ ಒಬ್ಬ ಹುಡುಗರೂಪಿನ ಆಸಾಮಿ ಬಂದ. ಸುತ್ತಿಗೆ ಇರಲಿಲ್ಲ, ಅಚ್ಚಾದ ಫಾರ್ಮು ಇತ್ತು. ಸಾವಕಾರರು ಕೂತು ದೂರು ಶುರುಮಾಡಿದರೆ, "ಅದೆಲ್ಲ ಬ್ಯಾಡ್ರಿ, ಇದನ್ನ ತುಂಬ್ರಿ," ಎಂದ.

"ಕಂಪನಿ ಎಲ್ಲದ?" ಎಂದು ಸಾವಕಾರರು ಕೇಳಿದರು.

"ನಾನೇ ಕಂಪನಿಯಿಂದ ಬಂದೀನಿ."

ಸಾವಕಾರರು ಅವನನ್ನು ಮೇಲಿಂದ ಕೆಳಗೆ ನೋಡಿ, ಎದ್ದು ಒಳಗೆ ಹೋದರು. ಅವನಿಗೆ ಊಟಕ್ಕೆ ಯಾರೂ ಕರೆಯಲಿಲ್ಲ.

ನಮ್ಮ ರಾಜ್ಯ ಒಡೆದು ಮೂರು ಪಾಲಾಗುವ ಮಾತು ನಡೆದಿದ್ದ ವರ್ಷ ಏನೋ ಕೆಲಸಕ್ಕೆ ಸಿಕಂದರಾಬಾದಿಗೆ ಹೋದವನು ವಿಳಾಸ ಹುಡುಕಿಕೊಂಡು ಕಂಪನಿಯ ಗೋದಾಮಿಗೆ ಹೋದೆ. ಅವರು ಗೋಣಿಚೀಲದ ಮೇಲೆ ಕೂತು ಬೋಲ್ಟುಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತಿದ್ದರು. ಟೊಪ್ಪಿಗೆ ಇರಲಿಲ್ಲ, ತಲೆ ಪೂರ್ತಿ ಬೋಳು. ಹಾಗಾದರೆ ಮೊದಲು ಟೊಪ್ಪಿಗೆ ಇದ್ದಿರಲೇಬೇಕು.

"ಬರ್ರಿ ಬಿ.ಎ. ಸಾಹೇಬ್ರ, ಕುಂದ್ರಿ. ದಸ್ತಗೀರ ಹ್ಯಾಂಗದಾನ?"

"ಅದಾನರಿ. ಅದೇ ಟ್ರ್ಯಾಕ್ಟರು. ಮಗಳ ಮದವಿ ಮಾಡಿದ."

"ಪಾಟಾ?"

"ಮುರಿದಿಲ್ರಿ."

"ಮುರೀಬಾರದು. ನಮ್ಮ ಉಕ್ಕು ಛಲೋ ಅದ," ಎಂದು ನಕ್ಕರು.

ನಾನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಮಾತನ್ನು ಒಮ್ಮೆಲೇ ಹೇಳಿಬಿಟ್ಟೆ. ತಪ್ಪು ನನ್ನದಿತ್ತು. ಆ ದಿನ ನಾನು ಬಾಯಿ ತೆರೆಯಬೇಕಿತ್ತು. ಮೆಚ್ಚುಗೆಯ ಪತ್ರ ಬರೆದು ನಿಮ್ಮನ್ನು ಈ ಗೋಣಿಚೀಲದ ಮೇಲೆ ಕೂಡಿಸಿದವನೂ ನಾನೇ ಇರಬೇಕು.

"ಹೌದಲ್ರಿ, ನೀವೇ," ಎಂದರು, ಒಂದು ಬೋಲ್ಟನ್ನು ಬೆಳಕಿಗೆ ಹಿಡಿದು ನೋಡುತ್ತ. "ಒಂದೇ ಭಟ್ಟಿಯ ಉಕ್ಕು, ಒಂದು ತಗಡು ಹ್ಯಾಂಗಾಯ್ತು, ಇನ್ನೊಂದು ಹತ್ತು ಪಾಲು ಗಟ್ಟಿ ಹ್ಯಾಂಗಾಯ್ತು ಅಂತ ಮುಂಬೈಯವರಿಗೆ ಸಂಶಯ ಬಂತು. ಹಳೀ ಪಾಟಾ ಹುಡುಕಿ ತಗದು ತಪಾಸ ಮಾಡಿಸಿದ್ರು. ಇಂಗ್ಲಿಷ್ ಛಂದ ಬರೀತೀರಿ ಬಿಡ್ರಿ ನೀವು."

"ನಾ ಆವತ್ತು ಹೇಳಿದ್ರ..."

"ಹೇಳಿದ್ರ ಏನಾಗ್ತಿತ್ತು? ನಿಮ್ಮ ನೌಕರಿ ಹೋಗ್ತಿತ್ತು. ಚೀಟಿ ಬರೀಲಿಕ್ಕೆ ಇನ್ನೊಬ್ಬ ಬಿ.ಎ. ಬರ್ತಿದ್ದ. ಅವನೂ ಕಲ್ಲು ತೂಗ್ತಿದ್ದಿಲ್ಲ. ಮತ್ತ ನಾನೇ ಬರಬೇಕಾಗ್ತಿತ್ತು."

ಎದ್ದು, ಮೂಲೆಯ ಪೆಟ್ಟಿಗೆಯಿಂದ ಮಡಿಸಿದ ಒಂದು ಕಾಗದ ತಂದು ನನ್ನ ಕೈಯಲ್ಲಿಟ್ಟರು. ಕಂಪನಿಯ ಪ್ರಯೋಗಶಾಲೆಯ ವರದಿ. ಮುರಿದ ಮುಖದ ಮೇಲೆ ಯಾವುದೋ ಹುಳಿಪದಾರ್ಥದ ಕಲೆ ಇದೆ, ಬಿರುಕು ಇಲ್ಲ ಎಂದು ಅದರಲ್ಲಿತ್ತು. ನಾನು ಓದಿ ಮುಗಿಸುವ ತನಕ ಕಾದರು. ಅವರ ಮುಖದಲ್ಲಿ ನಾನು ಎಂದೂ ಕಾಣದ ತಿರಸ್ಕಾರ ಇತ್ತು. ಗೋದಾಮಿಗೆ ಹಾಕಿದ್ದಕ್ಕೆ, ಮೋಸ ಬಯಲಾದದ್ದಕ್ಕೆ ಎಂದು ನಾನು ತಿಳಿದೆ.

"'ಯಾವುದೋ ಹುಳಿ' ಅಂತ ಬರದಾರ್ರಿ," ಎಂದರು. "ದೊಡ್ಡ ದೊಡ್ಡ ಕಾಲೇಜು ಓದಿದವ್ರು, ಗಾಜಿನ ನಳಿಗಿ ಇಟಗೊಂಡು ಮೂರು ದಿನಾ ತಪಾಸ ಮಾಡ್ಯಾರ. ಒಬ್ಬನರ ನಾಲಿಗಿಗೆ ಹಚ್ಚಿ ನೋಡಬ್ಯಾಡ? ಸೇಡಂ ಹುಣಸಿ ಅಂತ ಹೇಳೋ ಮನಷ್ಯಾ ಇಡೀ ಕಾರ್ಖಾನ್ಯಾಗ ಒಬ್ಬ ಇಲ್ರಿ!"